ಚೆಂಡು ಹೊಲಿಯದ ಜ್ಞಾನದೇವ

ನಿಪ್ಪಾಣಿಯ ಆ ಕಾಲೇಜಿನಲ್ಲಿ ಜ್ಞಾನದೇವ ಕಾಂಬಳೆ ಹಂಗಾಮಿ ಸಿಪಾಯಿ. ಸಂಬಳ ಬರುತ್ತಿದ್ದುದು ಮೈದಾನದ ಕಸ ತೆಗೆಯುವುದಕ್ಕೆ, ಸುಣ್ಣದ ಗೆರೆ ಎಳೆಯುವುದಕ್ಕೆ, ಚೆಂಡಿಗೆ ಗಾಳಿ ತುಂಬುವುದಕ್ಕೆ. ಹುಡುಗರಿಗೆ ಫುಟ್‌ಬಾಲ್ ಕಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಟೀಮನ್ನು ನಿಜವಾಗಿ ನಡೆಸುತ್ತಿದ್ದವನು ಅವನೇ ಎಂಬುದು ಮೈದಾನದ ಗೋಲುಗಂಬಕ್ಕೂ ಗೊತ್ತಿತ್ತು.

ವಯಸ್ಸಿನ ಹುಡುಗನಾಗಿದ್ದಾಗ ಅವನು ಐದಾರು ವರ್ಷ ಕೊಲ್ಲಾಪುರದಲ್ಲಿ ಬೆಲ್ಲದ ಹಮಾಲಿ ಮಾಡಿದ್ದ. ಅಲ್ಲಿ ಪೇಠೆಗೊಂದು ಫುಟ್‌ಬಾಲ್ ತಂಡ. ಮ್ಯಾಚಿನ ದಿನ ಅರ್ಧ ಊರು ಕೆಲಸ ಬಿಟ್ಟು ಮೈದಾನ ಸೇರುತ್ತಿತ್ತು. ಬೆಲ್ಲ ಹೊತ್ತ ಮೈಯನ್ನು ಒರೆಸಿಕೊಳ್ಳದೆ ಜ್ಞಾನದೇವನೂ ಅಲ್ಲಿ ಹಾಜರಾಗುತ್ತಿದ್ದ. ಒಂದು ದಿನವೂ ಆಡಲಿಲ್ಲ, ಬರೀ ನೋಡಿದ. ಆದರೆ ನೋಡುವುದರಲ್ಲೂ ಒಂದು ವಿದ್ಯೆ ಇದೆ. ಯಾವ ಬ್ಯಾಕು ಎಡಗಾಲಿನಲ್ಲಿ ಕುಂಟು, ಯಾವ ಗೋಲಿ ಯಾವಾಗ ಗಾಬರಿಯಾಗುತ್ತಾನೆ, ಇದು ಅವನಿಗೆ ಹತ್ತು ನಿಮಿಷದಲ್ಲಿ ತಿಳಿದುಹೋಗುತ್ತಿತ್ತು.

ಅವನ ಮೇಲಿನ ಸಾಹೇಬರು ಭೀಮಗೊಂಡ ಪಾಟೀಲರು, ಕಾಲೇಜಿನ ಕ್ರೀಡಾ ನಿರ್ದೇಶಕರು. ಶೇಡಬಾಳದ ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಅವರ ಜೀವ ಕಬಡ್ಡಿಯಲ್ಲಿತ್ತು. ಫುಟ್‌ಬಾಲಿನಲ್ಲಿ ಅವರಿಗೆ ಗೊತ್ತಿದ್ದುದು ನಿಯಮದ ಪುಸ್ತಕ ಮಾತ್ರ. ಆದ್ದರಿಂದ ಹುಡುಗರು ಎದುರಿಗೆ ಪಾಟೀಲ ಸರ್‌ಗೆ ‘ಎಸ್ ಸರ್’ ಎನ್ನುತ್ತಿದ್ದರು, ನೀರು ಕುಡಿಯುವ ನೆಪದಲ್ಲಿ ಜ್ಞಾನದೇವನ ಬಕೀಟಿನ ಹತ್ತಿರ ಬಂದು ಕಿವಿ ಕೊಡುತ್ತಿದ್ದರು. ಸರ್‌ಗೂ ಇದು ಗೊತ್ತಿತ್ತು. ಟೀಮು ಗೆಲ್ಲುತ್ತಿರುವಾಗ ಗೊತ್ತಿದ್ದೂ ಗೊತ್ತಿಲ್ಲದಂತಿರುವುದು ದೊಡ್ಡ ಕಷ್ಟವೇನಲ್ಲ.

೧೯೮೭ರ ಆ ವರ್ಷ ಟೀಮು ಗೆಲ್ಲುತ್ತಲೇ ಹೋಯಿತು. ರಾಯಬಾಗದವರನ್ನು ಮೂರು ಗೋಲಿನಿಂದ ಸೋಲಿಸಿದರು. ಸೆಮಿಫೈನಲ್ ಚಿಕ್ಕೋಡಿಯಲ್ಲಿ. ಅಲ್ಲಿ ಕೊನೆಯ ಹತ್ತು ನಿಮಿಷ ಉಳಿದಾಗಲೂ ಯಾರದ್ದೂ ಗೋಲಿಲ್ಲ, ಚಿಕ್ಕೋಡಿಯ ಗೋಲಿ ಆಳೆತ್ತರ ಹಾರಿ ಎಲ್ಲ ಚೆಂಡನ್ನೂ ಬಾಚಿಕೊಳ್ಳುತ್ತಿದ್ದ. ನೀರಿಗೆ ಬಂದ ಕ್ಯಾಪ್ಟನ್ ಮಲಕಾರಿಗೆ ಜ್ಞಾನದೇವ ತಂಬಿಗೆ ಕೊಡುತ್ತ ಹೇಳಿದ: “ಮ್ಯಾಲ ಹೊಡೀಬ್ಯಾಡೋ. ನೆಲಾ ಹಿಡದು ಹೊಡಿ. ಅಂವಗ ನಡಾ ನೋಯಾಕತ್ತೈತಿ, ಬಗ್ಗಾಕ ಆಗವಲ್ದು.” ಆರು ನಿಮಿಷದ ನಂತರ ಮಲಕಾರಿ ಒದ್ದ ಚೆಂಡು ಆ ಗೋಲಿಯ ಕಾಲ ಪಕ್ಕದಿಂದಲೇ ಉರುಳಿ ಒಳಗೆ ಹೋಯಿತು. ಮಲಕಾರಿ ಕುರುಬರ ಸಿದರಾಯನ ಮಗ. ಕುರಿ ಹಿಂದೆ ಓಡಿ ಬೆಳೆದ ಕಾಲು ಅವನದು, ದಣಿವು ಎಂಬುದೇ ಇರಲಿಲ್ಲ.

ಹುಡುಗರಿಗೆ ಕಪ್ಪಿನ ಚಿಂತೆ. ಜ್ಞಾನದೇವನಿಗೆ ಬೇರೆಯೇ ಚಿಂತೆ. ಹಂಗಾಮಿಗಳನ್ನು ಕಾಯಂ ಮಾಡುವ ಶಿಫಾರಸಿನ ಫಾರ್ಮು ಪಾಟೀಲ ಸರ್ ಮೇಜಿನ ಮೇಲೆ ಬಂದು ಕೂತಿತ್ತು. ಅವರ ಸಹಿ ಬಿದ್ದರೆ ಕಾಯಂ. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು, ಆಮೇಲೆ ಬದುಕಿರುವ ತನಕ ಹಂಗಾಮಿಯೇ. ಹೆಂಡತಿ ಸುಂದರಾ ಬೀಡಿ ಕಟ್ಟಿ ಕಟ್ಟಿ ಬೆರಳ ತುದಿಯಲ್ಲಿ ಚರ್ಮವೇ ಉಳಿಯದಂತೆ ಮಾಡಿಕೊಂಡಿದ್ದಳು. ತಂಬಾಕಿನ ಧೂಳು ಎದೆಗಿಳಿದು ಕೆಮ್ಮು ಬೇರೆ. ಗಂಡ ಕಾಯಂ ಆದ ದಿನ ಬೀಡಿಯ ಮೊರ ಕೆಳಗಿಡುತ್ತೇನೆ ಎಂದು ಅವಳು ಓಣಿಗೆಲ್ಲ ಹೇಳಿಯಾಗಿತ್ತು.

“ಫೈನಲ್ ಒಂದ ಆಗ್ಲಿ ಜ್ಞಾನದೇವ, ಸಹಿ ಮಾಡಿ ಕಳಸ್ತೀನಿ,” ಎಂದಿದ್ದರು ಸರ್. 

ಫೈನಲ್ ನಿಪ್ಪಾಣಿಯಲ್ಲೇ. ಎದುರಾಳಿ ಅಥಣಿ. ನವೆಂಬರ್ ಕೊನೆಯ ಒಂದು ಮಧ್ಯಾಹ್ನ, ತಂಬಾಕಿನ ವಖಾರಿಗಳ ಕಡೆಯಿಂದ ಘಾಟು ಗಾಳಿ ಬೀಸುತ್ತಿತ್ತು. ಅಥಣಿಯವರು ಟ್ರಕ್ಕಿನಲ್ಲಿ ಹಲಗಿ ಬಾರಿಸುತ್ತ ಬಂದಿಳಿದರು. ಆಟಕ್ಕೆ ಚೆಂಡು ಕೊಡುವುದು ಮೈದಾನದವರ ಹೊಣೆ. ಕಾಲೇಜಿನಲ್ಲಿ ಒಳ್ಳೆಯ ಚೆಂಡು ಇದ್ದುದು ಒಂದೇ. ಇನ್ನೊಂದು ಪ್ರಾಕ್ಟೀಸಿನಲ್ಲಿ ಸವೆದು ಕುಂಬಳಕಾಯಿಯಂತಾಗಿತ್ತು, ಬೆಳಗಾವಿಯಿಂದ ಬಂದ ರೆಫ್ರಿ ಅದನ್ನು ನೋಡಿದ ಕೂಡಲೇ ಬದಿಗೆ ಸರಿಸಿದ್ದರು. ಹೊಸ ಚೆಂಡಿಗೆ ಹೇಳಿ ತಿಂಗಳಾಗಿತ್ತು, ಬಂದಿರಲಿಲ್ಲ.

ಮೊದಲ ಅರ್ಧದಲ್ಲಿ ಅಥಣಿಯವರು ಒಂದು ಗೋಲು ಹೊಡೆದರು. ಎರಡನೆಯ ಅರ್ಧದಲ್ಲಿ ಮಲಕಾರಿ ಸಮ ಮಾಡಿದ. ಮೈದಾನದ ಸುತ್ತಲಿದ್ದ ಇನ್ನೂರು ಮಂದಿ ಒಮ್ಮೆಲೇ ಎದ್ದು ಕೂಗಿದರು. ಅಥಣಿಯ ಹಲಗಿ ನಿಂತಿತು. ಇನ್ನೊಂದು ಗೋಲು, ಇನ್ನೊಂದೇ ಒಂದು ಎಂದು ಜ್ಞಾನದೇವ ಬಕೀಟು ಹಿಡಿದೇ ಗೆರೆಯ ಉದ್ದಕ್ಕೂ ಓಡಾಡತೊಡಗಿದ. ಅಷ್ಟರಲ್ಲಿ ಅಥಣಿಯ ಬ್ಯಾಕ್ ಹೊರಗೊದ್ದ ಚೆಂಡು ಮುಳ್ಳುತಂತಿಯ ಬೇಲಿಗೆ ಬಡಿಯಿತು. ತಂತಿಗೆ ಹೊಲಿಗೆ ಸಿಕ್ಕಿ ಒಂದು ಗೇಣು ಬಿಚ್ಚಿತು. ಒಳಗಿನ ಬ್ಲಾಡರ್ ಉಬ್ಬಿ ಹೊರಗೆ ಇಣುಕಿತು. ಬ್ಲಾಡರಿಗೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ.

ರೆಫ್ರಿ ಗಡಿಯಾರ ನೋಡಿದರು. “ಹದಿನೈದು ನಿಮಿಷ ಕೊಡ್ತೀನಿ. ಅಷ್ಟರಾಗ ಚೆಂಡು ತಯಾರ ಆಗಬೇಕು. ಇಲ್ಲಂದ್ರ ಮ್ಯಾಚ್ ಅಥಣಿಗೆ.”

ಸೈಕಲ್ ಮೇಲೆ ಒಬ್ಬನನ್ನು ಬಸ್‌ಸ್ಟ್ಯಾಂಡಿಗೆ ಓಡಿಸಿದರು. ಅವನು ಬರಿಗೈಯಲ್ಲಿ ಬಂದ. ಅಂದು ಸಮಗಾರ ದಶರಥನ ಮಗಳ ಮದುವೆ, ಊರಿನ ಚಪ್ಪಲಿ ಹೊಲಿಯುವವರೆಲ್ಲ ಬೀಗರ ಊರಿಗೆ ಹೋಗಿಬಿಟ್ಟಿದ್ದರು. ನಾಲ್ಕು ನಿಮಿಷ ಕಳೆಯಿತು. ಆಟಗಾರರು, ಮೇಷ್ಟ್ರುಗಳು, ಊರ ಮಂದಿ ಎಲ್ಲ ಚೆಂಡಿನ ಸುತ್ತ ಸೇರಿದರು. ಪಾಟೀಲ ಸರ್ ಹಣೆ ಬೆವರಿತ್ತು. ಅವರು ಸುತ್ತ ನೋಡಿದರು, ಜ್ಞಾನದೇವನ ಮೇಲೆ ಕಣ್ಣು ನಿಂತಿತು, ಮುಖ ಒಮ್ಮೆಲೇ ಹಗುರಾಯಿತು.

“ಅರೇ, ನೀ ಇದ್ದೀಯಲ್ಲೋ! ಜ್ಞಾನದೇವ, ಕುಂದ್ರು, ನಾಕ ಹೊಲಿಗಿ ಹಾಕು. ಲಗೂನ.”

“ನನಗ ಬರೂದಿಲ್ರಿ ಸರ್.”

“ಬರೂದಿಲ್ಲಂದ್ರ ಹ್ಯಾಂಗ? ನಿಮ್ಮ ಮನೆತನದ ಕಸಬು ಇದು. ಕೈಯಾಗ ಇದ್ದ ಇರ್ತೈತಿ.”

ಇದನ್ನು ಅವರು ಬೈದು ಹೇಳಲಿಲ್ಲ. ಆಸೆಯಿಂದ ಹೇಳಿದರು, ಹೊಗಳಿದಂತೆಯೇ ಹೇಳಿದರು. ಜ್ಞಾನದೇವನಿಗೆ ಮಾತ್ರ ಇನ್ನೂರು ಜನರ ನಡುವೆ ಯಾರೋ ಅಂಗಿ ಬಿಚ್ಚಿಸಿ ನಿಲ್ಲಿಸಿದಂತಾಯಿತು.

ಪಾಟೀಲರು ಎಂ.ಎ. ಮಾಡಿದವರು. ಹತ್ತು ಆಟದ ನಿಯಮ ಬಾಯಿಪಾಠ. ಆದರೆ ಐದು ವರ್ಷದಿಂದ ದಿನಕ್ಕೆ ಎರಡು ಸಲ ತಮಗೆ ಚಹಾ ತಂದುಕೊಟ್ಟವನ ಮನೆತನ ಏನು ಎಂಬುದು ಗೊತ್ತಿರಲಿಲ್ಲ. ಊರ ಹೊರಗಿನ ಕೇರಿಯವರೆಲ್ಲ ಚರ್ಮ ಹೊಲಿಯುವವರೇ ಎಂದು ಅವರ ಲೆಕ್ಕ. ನಿಜವಾಗಿ ಚರ್ಮದ ಹೊಲಿಗೆ ಸಮಗಾರರ ವಿದ್ಯೆ. ಜ್ಞಾನದೇವನ ಹಿರಿಯರ ಪಾಲಿಗೆ ಬಂದಿದ್ದುದು ಊರಿನ ಸತ್ತ ದನ ಎಳೆಯುವುದು. ಅವನಿಗೆ ಆರು ವರ್ಷ ಇದ್ದಾಗ ಅಪ್ಪ ರಾಜಾರಾಮ ಬುದ್ಧನ ದೀಕ್ಷೆ ತೆಗೆದುಕೊಂಡ. ಮರುವಾರ ಗೌಡರ ಎತ್ತು ಸತ್ತಿತು, ಕರೆ ಬಂತು. ಅಪ್ಪ ಗೌಡರ ಅಂಗಳದಲ್ಲಿ ಕೈಮುಗಿದು ನಿಂತು, ಇನ್ನು ಮೇಲೆ ಆಗುವುದಿಲ್ಲ ಎಂದ. ಪಕ್ಕದಲ್ಲಿದ್ದ ಜ್ಞಾನದೇವ ಅದನ್ನು ನೋಡಿದ್ದ. ಆ ಒಂದು ಮಾತಿಗೆ ಊರು ಎರಡು ವರ್ಷ ಸುಗ್ಗಿಯ ಕಾಳು ಕೊಡಲಿಲ್ಲ. ಸಾಯುವಾಗ ಅಪ್ಪ ಹೇಳಿದ್ದು ಇಷ್ಟೇ: “ಬೇಕಾದ ಕೆಲಸಾ ಮಾಡು, ನಾಚಬ್ಯಾಡ. ಆದ್ರ ನೀ ಹುಟ್ಟಿದ ಮನಿ ನೋಡಿ ಹಚ್ಚೂ ಕೆಲಸಾ ಮಾಡಬ್ಯಾಡ.”

ಯಾರಿಗಾದರೂ ಹೊಲಿಯಲು ಬರುತ್ತದೇನು ಎಂದು ಸರ್ ಕೇಳಿದ್ದರೆ, ಜ್ಞಾನದೇವ ಹತ್ತು ಬೆರಳು ಚುಚ್ಚಿಕೊಂಡಾದರೂ ಹೊಲಿಯಲು ಕೂಡುತ್ತಿದ್ದ. ಅವನಿಗೆ ಆ ಟೀಮಿನ ಮೇಲೆ ಅಷ್ಟು ಪ್ರೀತಿ.

“ಏಳ ನಿಮಿಷ ಆತು,” ಎಂದು ಯಾರೋ ಅಂದರು.

“ಕೇಳಸ್ತಿಲ್ಲೇನ ನಿನಗ?” ಸರ್ ದನಿ ಏರಿತು. “ವರ್ಷದ ದುಡಿಮಿ ಹಾಳ ಮಾಡ್ತೀ ಏನ?”

ಜ್ಞಾನದೇವನ ಕಣ್ಣ ಮುಂದೆ ಫಾರ್ಮು ಬಂತು. ಸುಂದರಾಳ ಬೆರಳು ಬಂದವು. “ನಾ ಮಾಡೂದಿಲ್ರಿ ಸರ್,” ಎಂದ. ಮೊದಲು ‘ಬರೂದಿಲ್ಲ’ ಎಂದವನು ಈಗ ‘ಮಾಡೂದಿಲ್ಲ’ ಎಂದದ್ದು ಎಲ್ಲರಿಗೂ ಕೇಳಿಸಿತು.

ಆಗ ಮಲಕಾರಿ ಮುಂದೆ ಬಂದು ಚೆಂಡು ಕಸಿದುಕೊಂಡ. “ಕೊಡ್ರಿ ಇಲ್ಲಿ. ಮನ್ಯಾಗ ಕಂಬಳಿ ಪಟ್ಟಿ ಕೂಡಿಸಿ ಹೊಲ್ಯಾಂವ ನಾನ. ಯಪ್ಪಾ, ದಬ್ಬಣಾ ತಾ.”

ಆಟ ನೋಡಲು ಬಂದಿದ್ದ ಸಿದರಾಯನ ಚೀಲದಲ್ಲಿ ದಬ್ಬಣ ಇದ್ದೇ ಇರುತ್ತಿತ್ತು. ಅವನು ಹಿಂದೆ ಮುಂದೆ ನೋಡಿದ. “ದೇವರ ಕಂಬಳಿ ಹೊಲ್ಯೂ ದಬ್ಬಣಾಲೇ ಇದು. ದನದ ತೊಗಲಿಗಿ ಹ್ಯಾಂಗ ಹಾಕೂದು?”

“ದೇವರಿಗಿ ಹೊಸಾದ ತರೂಣು. ಕೊಡ ಮೊದಲ!”

ಗೋಲಿನ ಬಲೆಯಿಂದ ಗಟ್ಟಿ ದಾರ ಕತ್ತರಿಸಿ ತಂದರು. ಜ್ಞಾನದೇವ ಬ್ಲಾಡರಿನ ಗಾಳಿ ಬಿಟ್ಟು ಒಳಗೆ ತಳ್ಳಿದ. ಮಲಕಾರಿ ಹೊಲಿದ. ದಬ್ಬಣ ಜಾರಿ ಎರಡು ಸಲ ಅಂಗೈಗೆ ಹೊಕ್ಕಿತು, ರಕ್ತ ಚೆಂಡಿಗೆ ಹತ್ತಿತು. ಹತ್ತು ನಿಮಿಷ. ಹನ್ನೆರಡು. ಕೊನೆಗೆ ಹಲ್ಲಿನಿಂದ ದಾರ ಕಚ್ಚಿ ಎಳೆದು ಗಂಟು ಹಾಕಿದ. ಜ್ಞಾನದೇವ ಗಾಳಿ ಹೊಡೆದ, ಹೊಲಿಗೆ ಕಿರುಗುಟ್ಟಿತು, ಆದರೆ ಹಿಡಿಯಿತು. ಗಂಟು ಮಾತ್ರ ಹೊರಗೆ ಉಳಿದಿತ್ತು, ಕಡಲೆಕಾಳಿನಷ್ಟು. ರೆಫ್ರಿ ಹೆಬ್ಬೆರಳಿನಿಂದ ಒತ್ತಿ ನೋಡಿ ಸೀಟಿ ಊದಿದರು. ಕೊಟ್ಟ ಹದಿನೈದರಲ್ಲಿ ಒಂದು ನಿಮಿಷ ಉಳಿದಿತ್ತು.

ಆಟ ಮುಂದುವರಿಯಿತು. ಮುಗಿಯಲು ಇನ್ನು ಮೂರು ನಿಮಿಷವಿದೆ ಎನ್ನುವಾಗ ಅಥಣಿಯವನೊಬ್ಬ ದೂರದಿಂದ ಸುಮ್ಮನೆ ಒಂದು ಒದೆ ಒದ್ದ. ಅಂಥ ಚೆಂಡನ್ನು ನಿಪ್ಪಾಣಿಯ ಗೋಲಿ, ಬಾಳು ಎಂಬ ಹುಡುಗ, ಕಣ್ಣು ಮುಚ್ಚಿ ಹಿಡಿಯುತ್ತಿದ್ದ. ಅವನು ಎಡಕ್ಕೆ ಬಗ್ಗಿದ. ಚೆಂಡು ಅವನ ಮುಂದೆ ನೆಲಕ್ಕೆ ಬಿದ್ದದ್ದು ಸರಿಯಾಗಿ ಗಂಟಿನ ಮೇಲೆ. ಬಲಕ್ಕೆ ಪುಟಿದು ಒಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಗರು ಮೈದಾನದಲ್ಲೇ ಕೂತು ಅತ್ತರು. ಜ್ಞಾನದೇವ ಬಾವುಟ ಕಿತ್ತು, ಬಲೆ ಬಿಚ್ಚಿ, ಎಲ್ಲವನ್ನೂ ಕೋಣೆಯಲ್ಲಿಟ್ಟು ಮನೆಗೆ ಹೋದ.

ಮರುದಿನ ಪಾಟೀಲ ಸರ್ ಅವನನ್ನು ಕರೆಸಿದರು. ಫಾರ್ಮು ಎದುರಿಗೇ ಇತ್ತು.

“ಹೊಲ್ಯಾಕ ಬರೂ ಕೈಯಿಂದ ಹೊಲದಿದ್ರ ಆ ಗಂಟು ಹೊರಗ ಇರ್ತಿರಲಿಲ್ಲ. ಗೊತ್ತೈತಿಲ್ಲೋ?”

ಸರ್ ಫಾರ್ಮಿನ ಮೇಲೆ ಬೆರಳಿಟ್ಟರು.

“ಮಂದೀ ಮುಂದ ನನ್ನ ಮಾತ ಮೀರೀದಿ. ಇಂಥಾಂವನ್ನ ಕಾಯಂ ಮಾಡ್ರಿ ಅಂತ ನಾ ಹ್ಯಾಂಗ ಬರೀಲಿ? ಒಂದು ಕ್ಷಮಾಪಣಿ ಪತ್ರಾ ಬರದು ಕೊಡು. ಅದನ್ನ ಫಾರ್ಮಿಗೆ ಹಚ್ಚಿ ಸಹಿ ಮಾಡ್ತೀನಿ. ಶುಕ್ರವಾರ ಕಡೀ ದಿನಾ.”

ಅಂದು ಬುಧವಾರ. ಕಾಲೇಜಿನಲ್ಲಿ ಕೆಲವು ಹುಡುಗರು ಅವನನ್ನು ಕಂಡು ಮುಖ ತಿರುಗಿಸಿದರು. ಮಲಕಾರಿ ಮಾತ್ರ, ಅಂಗೈಗೆ ಬಟ್ಟೆ ಸುತ್ತಿಕೊಂಡು, ಮನೆತನಕ ಬಂದ. “ಜ್ಞಾನು ಕಾಕಾ, ಗಂಟು ಹೊರಗ ಬಿಟ್ಟದ್ದು ನನ್ನ ತಪ್ಪರಿ. ಸರ್‌ಗೆ ನಾ ಹೇಳಲೇನ್ರಿ?” “ಬ್ಯಾಡೋ. ಅವರು ಕೇಳಾಕತ್ತಿದ್ದು ಗಂಟಿಂದಲ್ಲ,” ಎಂದ ಜ್ಞಾನದೇವ.

ಗುರುವಾರ ಸಂಜೆ ಹಾಳೆ ಮುಂದಿಟ್ಟುಕೊಂಡು ಕೂತ. ಒಂದು ಬರೆದು ಹರಿದ. ಇನ್ನೊಂದು ಬರೆದು ಹರಿದ. ಸುಂದರಾ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತ ನೋಡುತ್ತಿದ್ದಳು. ಕೊನೆಗೆ ಅವಳಿಗೆ ತಡೆಯಲಿಲ್ಲ.

“ತಪ್ಪಾತು ಅಂತ ನಾಕ ಅಕ್ಷರಾ ಬರದ್ರ ನಿಮ್ಮ ಗಂಟೇನ ಹೋಗ್ತೈತಿ? ನನ್ನ ಎದಿ ನೋಡ್ರಿ ಒಮ್ಮೆ, ಹ್ಯಾಂಗ ಹರಿತೈತಿ ಕೆಮ್ಮು. ನಿಮ್ಮ ಅಪ್ಪ ಬರ್ತಾರೇನ ನಮಗ ರೊಟ್ಟಿ ಕೊಡಾಕ?”

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬರೆದುಬಿಡೋಣ ಎಂದು ಜ್ಞಾನದೇವ ಮೂರನೆಯ ಹಾಳೆ ತೆಗೆದುಕೊಂಡ. ‘ನನ್ನಿಂದ ತಪ್ಪಾಗಿದೆ’ ಎಂದು ಬರೆದ. ಪೆನ್ನು ಅಲ್ಲಿಗೇ ನಿಂತಿತು.

“ಏನ್ ಬರದ್ರಿ? ಓದ್ರಿ,” ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಅವನು ಓದಿದ.

“ಏನ್ ತಪ್ಪು ಅಂತ ಬರೀತೀರಿ ಮುಂದ?”

“ಅದ ತಿಳೀವಲ್ದು.”

ಸುಂದರಾಳ ಕೈ ಮೊದಲ ಸಲ ನಿಂತಿತು. ಗಂಡನ ಮುಖ ನೋಡಿದಳು. ಸಿಟ್ಟು ಇಳಿದು ಅವಳ ಕಣ್ಣಲ್ಲಿ ನೀರು ಬಂತು. “ಸುಳ್ಳ ತಪ್ಪು ಬರೀಬ್ಯಾಡ್ರಿ. ಅದನ್ನ ಬರದು ಕಾಯಂ ಆದ್ರ ದಿನಾ ಆ ರೊಟ್ಟಿ ನನಗ ಇಳಿಯೂದಿಲ್ಲ. ಇದ್ದ ತಪ್ಪು ಬರೀರಿ.”

“ಇದ್ದದ್ದು ಯಾವ್ದು?”

“ಐದು ವರ್ಷದಾಗ ಒಮ್ಮೆರೆ ಬಾಯಿ ತಗದು ಹೇಳೀರೇನ ಅವರಿಗೆ, ನಾವು ಯಾರು ಅಂತ?”

ಶುಕ್ರವಾರ ಬೆಳಗ್ಗೆ ಜ್ಞಾನದೇವ ಮಡಚಿದ ಹಾಳೆಯನ್ನು ಸರ್ ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತ. ಪಾಟೀಲರು ಪೆನ್ನಿನ ಟೋಪಿ ತೆಗೆದೇ ಇಟ್ಟುಕೊಂಡು ಓದತೊಡಗಿದರು. ಅದರಲ್ಲಿ ಹೀಗಿತ್ತು:

‘ಫೈನಲ್ ದಿನ ತಾವು ಹೇಳಿದಾಗ ನಾನು ಚೆಂಡು ಹೊಲಿಯಲಿಲ್ಲ. ನನಗೆ ಹೊಲಿಯಲು ಬರುವುದಿಲ್ಲ. ನನ್ನ ತಂದೆಗೂ ಬರುತ್ತಿರಲಿಲ್ಲ. ನಮ್ಮ ಹಿರಿಯರು ಊರಿನ ಸತ್ತ ದನ ಎಳೆಯುತ್ತಿದ್ದರು. ನನ್ನ ತಂದೆ ಅದನ್ನು ಬಿಟ್ಟರು. ಬಿಟ್ಟದ್ದಕ್ಕೆ ನಾವು ಎರಡು ವರ್ಷ ಉಪವಾಸ ಬಿದ್ದೆವು. ಹುಟ್ಟಿದ ಮನೆ ನೋಡಿ ಹಚ್ಚುವ ಕೆಲಸ ಮಾಡಬೇಡ ಎಂದು ಅವರು ನನಗೆ ಹೇಳಿದ್ದರು. ಇದನ್ನು ನಾನು ತಮಗೆ ಐದು ವರ್ಷಗಳಲ್ಲಿ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ತಾವು ಇನ್ನೂರು ಮಂದಿಯ ಮುಂದೆ ಹಾಗೆ ಅನ್ನುತ್ತಿರಲಿಲ್ಲ ಎಂದು ನಂಬಿದ್ದೇನೆ. ಹೇಳದೆ ಇದ್ದುದು ನನ್ನ ತಪ್ಪು. ಕ್ಷಮೆ ಇರಲಿ. ಜ್ಞಾನದೇವ ರಾಜಾರಾಮ ಕಾಂಬಳೆ.’

ಸರ್ ಒಮ್ಮೆ ಓದಿದರು. ಕಿವಿ ಕೆಂಪಾಯಿತು. ಮತ್ತೊಮ್ಮೆ ಓದಿದರು.

“ಇದು ಪ್ರಿನ್ಸಿಪಾಲರ ಕಡೆ ಹೋಗೂ ಕಾಗದ. ಆಮ್ಯಾಲ ಆಡಳಿತ ಮಂಡಳೀಗೂ ಹೋಗ್ತೈತಿ.”

“ಹೌದ್ರಿ.”

“ಎಲ್ಲಾರೂ ಓದ್ತಾರ.”

“ಓದ್ಲಿ ಬಿಡ್ರಿ.”

ಹೊರಗೆ ಗಂಟೆ ಬಡಿಯಿತು. ಹುಡುಗರು ಗದ್ದಲ ಮಾಡುತ್ತ ಕ್ಲಾಸು ಬದಲಾಯಿಸಿದರು. ಗದ್ದಲ ನಿಂತ ಮೇಲೆ ಸರ್ ಹಾಳೆಯನ್ನು ಮಡಚಿ ಅವನ ಕಡೆಗೆ ನೂಕಿದರು. “ತಗೋ, ನಿನ್ನ ಹತ್ರ ಇಟಗೋ. ಪತ್ರಾ ಗಿತ್ರಾ ಏನೂ ಬ್ಯಾಡ. ನಾ ಹಂಗ ಸಹಿ ಮಾಡ್ತೀನಿ. ಮುಗದ ಹೋತು.”

ಜ್ಞಾನದೇವ ಕೈ ಚಾಚಿದರೆ ಸಾಕು, ಎಲ್ಲ ಆದಂತೆ. ಇನ್ನೊಂದು ಮಾತಾಡಿದರೆ ಆಗಿದ್ದೂ ಕೆಡಬಹುದು. ಬುದ್ಧಿಯಿದ್ದವನು ಹಾಳೆ ಕಿಸೆಗೆ ಹಾಕಿಕೊಂಡು ನಮಸ್ಕಾರ ಹೇಳಿ ಬರುತ್ತಿದ್ದ. ಅವನ ಕೈ ಅರ್ಧ ಮುಂದೆ ಬಂದಿತ್ತು ಕೂಡ. ಅದನ್ನು ಹಿಂದಕ್ಕೆ ತೆಗೆದುಕೊಂಡ.

“ಬ್ಯಾಡ್ರಿ ಸರ್. ನೀವು ಕೇಳಿದ್ರಿ, ನಾ ಬರದೀನಿ. ಕೂಡಿಸಿ ಕಳಸ್ರಿ.”

“ಸಹಿ ಮಾಡದಿದ್ರ?”

“ಮಾಡದಿದ್ರೂ ಅದು ಅಲ್ಲೇ ಇರ್ಲಿರಿ.”

ಪಾಟೀಲ ಸರ್ ಡ್ರಾಯರಿನಿಂದ ಗುಂಡುಸೂಜಿ ತೆಗೆದು, ಪತ್ರವನ್ನು ಫಾರ್ಮಿಗೆ ಚುಚ್ಚಿದರು. ಸಹಿ ಮಾಡಿದರು. ಫಾರ್ಮಿನ ಕೆಳಗೆ ಮೇಲಧಿಕಾರಿಯ ಅಭಿಪ್ರಾಯಕ್ಕೆಂದು ಎರಡು ಗೆರೆ ಖಾಲಿ ಇದ್ದವು. ಅಲ್ಲಿ ನಿಧಾನವಾಗಿ ಏನೋ ಬರೆದು, ಫಾರ್ಮನ್ನು ತಿರುಗಿಸಿ ಅವನು ಓದುವಂತೆ ಹಿಡಿದರು. ‘ಪತ್ರ ಓದಿದ್ದೇನೆ. ಶ್ರೀ ಕಾಂಬಳೆಯವರದು ತಪ್ಪಿಲ್ಲ.’

ಹಾಗಾದರೆ ತಪ್ಪು ಯಾರದು ಎಂದು ಬರೆಯುವಷ್ಟು ಮನಸ್ಸು ಅಂದು ಅವರಿಗೆ ಆಗಲಿಲ್ಲ. ಕಾಯಂ ಆದೇಶ ಮಾರ್ಚ್ ತಿಂಗಳಲ್ಲಿ ಬಂತು, ಸುಂದರಾ ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಜ್ಞಾನದೇವ ಅತ್ತದ್ದು ಮಾರ್ಚ್‌ನಲ್ಲಲ್ಲ, ಆ ಶುಕ್ರವಾರ. ಸರ್ ಬರೆದ ಆ ಸಾಲನ್ನು ಅಪ್ಪನಿಗೆ ಓದಿ ಹೇಳಬೇಕಿತ್ತು ಅನ್ನಿಸಿ, ಸಾಹೇಬರ ಮುಂದೆಯೇ ಅವನು ಬಿಕ್ಕಿ ಬಿಕ್ಕಿ ಅತ್ತ.